ದೊಡ್ಡವರ ಐಕ್ಯೂ ಪರೀಕ್ಷೆ: ಕಾಮತ್, ಭಾಟಿಯಾ, ರೇವನ್, ವೇಯ್ಸ್ – ಯಾರಿಗೆ ಯಾವುದು?

ಹಾಸನ, ಸಕಲೇಶಪುರ, ಅರಸೀಕೆರೆ, ಚಿಕ್ಕಮಗಳೂರು ಕಡೆಯ ಓದುಗರು ಈಚೆಗೆ ಒಂದೇ ಪ್ರಶ್ನೆಯನ್ನು ಬೇರೆ ಬೇರೆ ರೀತಿಯಲ್ಲಿ ಕೇಳುತ್ತಿದ್ದಾರೆ. "ತಮ್ಮನಿಗೆ ಐಕ್ಯೂ ಟೆಸ್ಟ್ ಮಾಡಿಸಿ ಅಂದಿದ್ದಾರೆ. ಜಿಲ್ಲಾಸ್ಪತ್ರೆಯಲ್ಲಿ ಮಾಡೋದೇ ಸಾಕಾ? ವೇಯ್ಸ್ ನಾಲ್ಕು ಅಂತ ಇದೆಯಂತೆ, ಈಗ ಐದೂ ಬಂದಿದೆಯಂತೆ. ಅದಕ್ಕೆ ಬೆಂಗಳೂರಿಗೇ ಹೋಗಬೇಕಾ?" ವೇಯ್ಸ್ ಅಂದರೆ ದೊಡ್ಡವರಿಗೆ ಅಂತಲೇ ಮಾಡಿದ ಒಂದು ಐಕ್ಯೂ ಪರೀಕ್ಷೆ; ನಾಲ್ಕು, ಐದು ಅನ್ನೋದು ಅದರ ಆವೃತ್ತಿಗಳು. ಕೇಳುವವರ ಮನಸ್ಸಿನಲ್ಲಿ ಇದು ಮೊಬೈಲ್ ಕೊಂಡ ಹಾಗೆ. ಹೊಸ ಮಾಡೆಲ್ ಬಂತು ಅಂದಮೇಲೆ ಹಳೆಯದು ಯಾಕೆ ಅನ್ನುವ ಲೆಕ್ಕ.

ಬುದ್ಧಿ ಪರೀಕ್ಷೆಯಲ್ಲಿ ಆ ಲೆಕ್ಕ ನಡೆಯುವುದಿಲ್ಲ. ಆವೃತ್ತಿಯ ನಂಬರನ್ನು ಕೊನೆಗೆ ನೋಡಿದರೆ ಸಾಕು. ವರದಿಯನ್ನು ಯಾರು ಓದುತ್ತಾರೆ, ಪರೀಕ್ಷೆಗೆ ಕೂತವರನ್ನು ಯಾವ ಜನರ ಜೊತೆ ಹೋಲಿಸುತ್ತಾರೆ, ಇವೆರಡು ಮೊದಲು ತಿಳಿಯಬೇಕು. ಅಷ್ಟು ಗೊತ್ತಾದರೆ ಅರ್ಧ ಆಯ್ಕೆ ಮುಗಿದಂತೆಯೇ.

ಆಯ್ಕೆಗೆ ಮುಂಚೆ ಏನು ನೋಡಬೇಕು

ಮೊದಲು ಉದ್ದೇಶ. ಅಂಗವಿಕಲರ ಯುಡಿಐಡಿ ಕಾರ್ಡಿಗೆ ಬೇಕಾದ ವರದಿ ಬೇರೆ. ಬೈಕಿನಿಂದ ಬಿದ್ದು ತಲೆಗೆ ಪೆಟ್ಟಾದವರು ಮತ್ತೆ ಲೆಕ್ಕಪತ್ರದ ಕೆಲಸ ಮಾಡಬಲ್ಲರಾ ಅಂತ ತಿಳಿಯಲು ಬೇಕಾದ ವರದಿ ಬೇರೆ. ಅಪ್ಪನಿಗೆ ಮರೆವು ಜಾಸ್ತಿ ಆಗಿದೆ ಅನ್ನುವವರ ಅಗತ್ಯವೇ ಬೇರೆ. "ನನ್ನ ಐಕ್ಯೂ ಎಷ್ಟಿರಬಹುದು" ಅನ್ನುವ ಕುತೂಹಲಕ್ಕೆ ಇವು ಯಾವುವೂ ಬೇಕಾಗಿಲ್ಲ.

ಎರಡನೆಯದು ಹೋಲಿಕೆಯ ಗುಂಪು. ಪರೀಕ್ಷೆ ಮಾಡುವವರು ಇದನ್ನು ನಾರ್ಮ್ಸ್ ಅನ್ನುತ್ತಾರೆ. ಐಕ್ಯೂ 100 ಅಂದ್ರೆ ನೂರಕ್ಕೆ ನೂರು ಅಂಕ ಅಲ್ಲ. ಅದೇ ವಯಸ್ಸಿನ ಜನರ ಸರಾಸರಿಯನ್ನು 100 ಅಂತ ಇಟ್ಟುಕೊಂಡು, ಅಲ್ಲಿಂದ ಎಷ್ಟು ಮೇಲೆ, ಎಷ್ಟು ಕೆಳಗೆ ಅಂತ ಹೇಳುವ ಸಂಖ್ಯೆ ಅದು. 85ರಿಂದ 115ರ ಒಳಗೆ ಸುಮಾರು ಮೂರರಲ್ಲಿ ಎರಡು ಪಾಲು ಜನ ಬರುತ್ತಾರೆ. 70ಕ್ಕಿಂತ ಕೆಳಗೆ ನೂರಕ್ಕೆ ಇಬ್ಬರು, 130ಕ್ಕಿಂತ ಮೇಲೆಯೂ ನೂರಕ್ಕೆ ಇಬ್ಬರು. ಈಗ ಕೇಳಬೇಕಾದ್ದು, ಆ ನೂರು ಜನ ಯಾರು? ಅಮೆರಿಕದವರಾದರೆ, ಬೇಲೂರಿನಲ್ಲಿ ಪಿಯುಸಿ ಓದಿದ ಹುಡುಗನ ಸ್ಥಾನವನ್ನು ಅಮೆರಿಕದ ಹುಡುಗರ ಸಾಲಿನಲ್ಲಿ ಹುಡುಕಿದ್ದಾರೆ ಅಂತ ಅರ್ಥ.

ಆ ಗುಂಪು ಎಷ್ಟು ಹಳೆಯದು ಅನ್ನೋದೂ ಮುಖ್ಯ. ನ್ಯೂಜಿಲೆಂಡಿನ ಜೇಮ್ಸ್ ಫ್ಲಿನ್ 1984ರಲ್ಲಿ ಅಮೆರಿಕದ, 1987ರಲ್ಲಿ ಇನ್ನೂ ಹಲವು ದೇಶಗಳ ಅಂಕಗಳನ್ನು ಮುಂದಿಟ್ಟು ಒಂದು ವಿಷಯ ತೋರಿಸಿದರು. ಪ್ರತಿ ಹತ್ತು ವರ್ಷಕ್ಕೆ ಜನರ ಅಂಕ ಸುಮಾರು 3ರಷ್ಟು ಏರುತ್ತಾ ಬಂದಿದೆ. ಹಾಗಾಗಿ ಮೂವತ್ತು ನಲವತ್ತು ವರ್ಷ ಹಿಂದಿನ ಜನರ ಜೊತೆ ಇಂದಿನವರನ್ನು ಹೋಲಿಸಿದರೆ ಅಂಕ ಸುಮ್ನೆ ಉಬ್ಬುತ್ತದೆ. ಕುತೂಹಲಕ್ಕೆ ಮಾಡಿಸಿದವರಿಗೆ ಇದರಿಂದ ನಷ್ಟವಿಲ್ಲ, ಖುಷಿಯೇ. ಆದರೆ ಬುದ್ಧಿಮಾಂದ್ಯ ಗುರುತಿಸುವ 70ರ ಗಡಿಯಲ್ಲಿ ನಿಂತ ಯುವಕನಿಗೆ ಹೊಸ ನಾರ್ಮ್ಸ್‌ನಲ್ಲಿ 68 ಬಂದು, ಹಳೆಯದರಲ್ಲಿ 75 ಬಂದರೆ? ಸಿಗಬೇಕಾದ ಸವಲತ್ತು ಕೈತಪ್ಪಬಹುದು.

ಮೂರನೆಯದು ಭಾಷೆ ಮತ್ತು ಶಾಲೆ. ಮಲೆನಾಡಿನ ತೋಟದ ಲೈನ್ ಮನೆಗಳಲ್ಲಿ ಹೋಗಿ ನೋಡಿ. ಮನೆಯಲ್ಲಿ ತಮಿಳೋ ತುಳುವೋ ಆಡುತ್ತಾರೆ, ಹೊರಗೆ ಕನ್ನಡ. ಶಾಲೆಗೆ ಹೋಗಿದ್ದು ನಾಲ್ಕನೇ ಕ್ಲಾಸಿನವರೆಗೆ. ಅಂಥವರ ಮುಂದೆ ಪದಗಳ ಅರ್ಥ ಕೇಳುವ ಪರೀಕ್ಷೆ ಇಟ್ಟರೆ ಅಳೆದದ್ದು ಬುದ್ಧಿಯನ್ನೋ, ಕಲಿಯಲು ಸಿಕ್ಕ ಅವಕಾಶವನ್ನೋ?

ಇನ್ನು ಪರೀಕ್ಷೆ ಮಾಡುವವರು ಯಾರು, ಒಟ್ಟು ಖರ್ಚೆಷ್ಟು ಅನ್ನೋದು. ಖರ್ಚು ಅಂದರೆ ಫೀಸು ಮಾತ್ರ ಅಲ್ಲ. ಹಾಸನದಿಂದ ಬೆಂಗಳೂರಿಗೆ ಹತ್ತಿರ ಹತ್ತಿರ 185 ಕಿಲೋಮೀಟರ್. ಇಬ್ಬರ ಬಸ್ ಚಾರ್ಜು, ಊಟ, ಒಂದು ದಿನದ ಕೂಲಿ, ವರದಿ ತರಲು ಮತ್ತೊಂದು ಸಲ ಹೋಗಿಬರುವುದು, ಎಲ್ಲವನ್ನೂ ಕೂಡಿಸಿಕೊಳ್ಳಿ.

ಇಷ್ಟೊಂದು ಪರೀಕ್ಷೆ ಯಾಕೆ ಹುಟ್ಟಿದವು

ಪ್ಯಾರಿಸ್‌ನಲ್ಲಿ ಆಲ್‌ಫ್ರೆಡ್ ಬಿನೆ ಮತ್ತು ಥಿಯೊಡೋರ್ ಸಿಮೊನ್ 1905ರಲ್ಲಿ ಮೊದಲ ಮಾಪನ ಮಾಡಿದ್ದು ಶಾಲೆಯ ಮಕ್ಕಳಿಗೆ. ಯಾವ ಮಗುವಿಗೆ ಪಾಠದಲ್ಲಿ ಹೆಚ್ಚಿನ ಸಹಾಯ ಬೇಕು ಅಂತ ಗುರುತಿಸಲು. ಇವನ ಬುದ್ಧಿ ಎಂಟು ವರ್ಷದವನ ಮಟ್ಟದ್ದು ಎಂದು 'ಮಾನಸಿಕ ವಯಸ್ಸು' ಹೇಳುವುದು ಅದರ ದಾರಿ. ಜರ್ಮನಿಯ ವಿಲಿಯಂ ಸ್ಟರ್ನ್ 1912ರಲ್ಲಿ ಮಾನಸಿಕ ವಯಸ್ಸನ್ನು ನಿಜವಾದ ವಯಸ್ಸಿನಿಂದ ಭಾಗಿಸಿ ಎಂದರು. ಅಮೆರಿಕದ ಟರ್ಮನ್ 1916ರ ಸ್ಟ್ಯಾನ್‌ಫರ್ಡ್-ಬಿನೆಯಲ್ಲಿ ಅದನ್ನು 100ರಿಂದ ಗುಣಿಸಿ ಐಕ್ಯೂ ಅಂತ ಚಾಲ್ತಿಗೆ ತಂದರು.

ಮಕ್ಕಳಿಗೆ ಇದು ಸರಿ. ದೊಡ್ಡವರಿಗೆ ಕೆಡುತ್ತದೆ. ಹತ್ತು ವರ್ಷದವನಿಗೂ ಐದು ವರ್ಷದವನಿಗೂ ಇರುವ ವ್ಯತ್ಯಾಸ ನಲವತ್ತರವನಿಗೂ ಮೂವತ್ತೈದರವನಿಗೂ ಇರುವುದಿಲ್ಲವಲ್ಲ. ವಯಸ್ಸು ಏರುತ್ತಾ ಹೋಗುತ್ತದೆ, ಮಾನಸಿಕ ವಯಸ್ಸು ಒಂದು ಕಡೆ ನಿಲ್ಲುತ್ತದೆ. ಭಾಗಿಸಿದರೆ ಎಲ್ಲರೂ ವರ್ಷ ವರ್ಷ ದಡ್ಡರಾಗುತ್ತಾ ಹೋಗಬೇಕು!

ಇದಕ್ಕೆ ಬೇರೆ ದಾರಿ ಹುಡುಕಿದವರು ಡೇವಿಡ್ ವೆಕ್ಸ್‌ಲರ್. ಮೊದಲ ಮಹಾಯುದ್ಧದಲ್ಲಿ ಅಮೆರಿಕದ ಸೈನ್ಯ ಓದು ಬಲ್ಲವರಿಗೆ ಆರ್ಮಿ ಆಲ್ಫಾ, ಓದು ಬರದವರಿಗೆ ಚಿತ್ರಗಳ ಆರ್ಮಿ ಬೀಟಾ ಎಂಬ ಪರೀಕ್ಷೆ ಕೊಡುತ್ತಿತ್ತು. ಆ ಕೆಲಸದಲ್ಲಿದ್ದ ವೆಕ್ಸ್‌ಲರ್ ನ್ಯೂಯಾರ್ಕಿನ ಬೆಲ್‌ವ್ಯೂ ಆಸ್ಪತ್ರೆಗೆ ಬಂದ ಮೇಲೆ, 1939ರಲ್ಲಿ, ಮಾತಿನದ್ದು ಒಂದು ಭಾಗ, ಕೈಯಲ್ಲಿ ಮಾಡುವುದು ಇನ್ನೊಂದು ಭಾಗ ಅಂತ ಎರಡನ್ನೂ ಸೇರಿಸಿ ವೆಕ್ಸ್‌ಲರ್-ಬೆಲ್‌ವ್ಯೂ ಮಾಪನ ತಂದರು. ಭಾಗಾಕಾರ ಬಿಟ್ಟು, ತನ್ನ ವಯಸ್ಸಿನವರ ಸರಾಸರಿಯಿಂದ ಎಷ್ಟು ದೂರ ಅನ್ನುವ ಲೆಕ್ಕ ಹಿಡಿದರು. ಇವತ್ತಿನ ಐಕ್ಯೂ ಅದೇ.

ನಮ್ಮ ಕಡೆಗೂ ಇದರ ಒಂದು ಎಳೆ ಇದೆ. ಆ ಮೊದಲ ಮಹಾಯುದ್ಧದ ಹೊತ್ತಿಗೆ ವೆಕ್ಸ್‌ಲರ್ ಲಂಡನ್ನಿನಲ್ಲಿ ಚಾರ್ಲ್ಸ್ ಸ್ಪಿಯರ್‌ಮನ್ ಹತ್ತಿರ ಕೆಲಸ ಮಾಡಿದ್ದರು. ಎಲ್ಲ ಬಗೆಯ ಜಾಣತನದ ಹಿಂದೆ ಒಂದು ಸಾಮಾನ್ಯ ಶಕ್ತಿ ಇದೆ ಎಂದು 1904ರಲ್ಲಿ ವಾದಿಸಿದವರು ಅವರೇ. ಅದೇ ಸ್ಪಿಯರ್‌ಮನ್ ಶಿಷ್ಯರಾದ ಎಂ. ವಿ. ಗೋಪಾಲಸ್ವಾಮಿ 1924ರಲ್ಲಿ ಮೈಸೂರಿನ ಮಹಾರಾಜ ಕಾಲೇಜಿನಲ್ಲಿ ಮನಃಶಾಸ್ತ್ರ ವಿಭಾಗ ಶುರು ಮಾಡಿದರು. ಮುಂದೆ ಮನೆಯಲ್ಲೇ ರೇಡಿಯೋ ಕೇಂದ್ರ ಇಟ್ಟು ಅದಕ್ಕೆ 'ಆಕಾಶವಾಣಿ' ಅಂತ ಹೆಸರಿಟ್ಟವರೂ ಇವರೇ.

ಬಿನೆ-ಕಾಮತ್

ಜಿಲ್ಲಾ ಮಟ್ಟದಲ್ಲಿ ನಿಮಗೆ ಮೊದಲು ಎದುರಾಗುವುದು ಇದು. ವಿ. ವಿ. ಕಾಮತ್ 1930ರ ದಶಕದಲ್ಲಿ ಬಿನೆ ಮಾಪನವನ್ನು ಧಾರವಾಡದ ಕಡೆಯ ಮಕ್ಕಳಿಗೆ ಹೊಂದಿಸಿದರು, ಕನ್ನಡದಲ್ಲಿ ಮತ್ತು ಮರಾಠಿಯಲ್ಲಿ. ಕನ್ನಡ ಮಕ್ಕಳ ಮೇಲೆಯೇ ಕಟ್ಟಿದ ಬುದ್ಧಿಮಾಪನ ಅನ್ನೋದೇ ಇದರ ದೊಡ್ಡ ಗುಣ. ಪ್ರಶ್ನೆಗಳು ಮೂರು ವರ್ಷದ ಮಟ್ಟದಿಂದ ಶುರುವಾಗಿ 22ರ ಮಟ್ಟದವರೆಗೆ ಹೋಗುತ್ತವೆ. ಹತ್ತರವರೆಗೆ ವರ್ಷಕ್ಕೊಂದು ಹಂತ, ಆಮೇಲೆ 12, 14, 16, 19, 22.

ಬುದ್ಧಿಮಾಂದ್ಯ ತೀವ್ರವಾಗಿರುವ ಇಪ್ಪತ್ತೈದರ ಹುಡುಗನಿಗೆ ಇದು ಈಗಲೂ ಉಪಯೋಗಕ್ಕೆ ಬರುತ್ತದೆ. ಯಾಕೆಂದರೆ ಇದು ಬಹಳ ಕೆಳಗಿನ ಮಟ್ಟದಿಂದ ಶುರುವಾಗುತ್ತದೆ. ದೊಡ್ಡವರಿಗೆ ಅಂತಲೇ ಮಾಡಿದ ಪರೀಕ್ಷೆಗಳಲ್ಲಿ ಅಂಥವರು ಮೊದಲ ಪ್ರಶ್ನೆಯಲ್ಲೇ ನಿಂತುಬಿಡುತ್ತಾರೆ. ಆಗ ಸಿಗುವುದು 'ತುಂಬಾ ಕಡಿಮೆ' ಅನ್ನುವ ಮಾತು ಮಾತ್ರ. ಕಾಮತ್ ಪರೀಕ್ಷೆ ಆದರೆ ನಾಲ್ಕು ವರ್ಷದ ಮಟ್ಟವೋ, ಏಳರ ಮಟ್ಟವೋ ಅಂತ ಹೇಳಬಲ್ಲದು. ಮನೆಯವರಿಗೆ, ತರಬೇತಿ ಕೊಡುವವರಿಗೆ ಅದು ಕೆಲಸಕ್ಕೆ ಬರುವ ಮಾಹಿತಿ.

ದೋಷವೂ ಎದ್ದು ಕಾಣುತ್ತದೆ. ನಾರ್ಮ್ಸ್‌ಗೆ ತೊಂಬತ್ತು ವರ್ಷದ ಹತ್ತಿರ ಆಯಿತು. ಲೆಕ್ಕ ಇನ್ನೂ ಹಳೆಯ ಭಾಗಾಕಾರದ್ದೇ, ಹಾಗಾಗಿ ದೊಡ್ಡವರ ವಯಸ್ಸನ್ನು ಸಾಮಾನ್ಯವಾಗಿ 16 ಅಂತ ಹಿಡಿದು ಮುಗಿಸುತ್ತಾರೆ. ಮಾತಿನ ಪ್ರಶ್ನೆ ಜಾಸ್ತಿ. ಕೊನೆಗೆ ಸಿಗುವುದು ಒಂದೇ ಸಂಖ್ಯೆ. ಡಿಗ್ರಿ ಓದಿದವರಿಗೆ, ಅಪಘಾತವಾದವರಿಗೆ ಇದನ್ನು ಮಾಡಿಸಿ ಪ್ರಯೋಜನವಿಲ್ಲ.

ಭಾಟಿಯಾ

ಸಿ. ಎಂ. ಭಾಟಿಯಾ 1955ರಲ್ಲಿ ಹೊರತಂದದ್ದು. ಹೆಚ್ಚುಪಾಲು ಕೈಕೆಲಸದ ಪರೀಕ್ಷೆ, ಐದು ಭಾಗ. ಅದರಲ್ಲಿ ಪಾಸ್-ಅಲಾಂಗ್ ಅನ್ನೋದನ್ನು ಒಮ್ಮೆ ನೋಡಬೇಕು. ಸಣ್ಣ ಮರದ ತಟ್ಟೆ, ಒಳಗೆ ಕೆಂಪು, ನೀಲಿ ಬಿಲ್ಲೆಗಳು. ಕೆಂಪನ್ನು ಈ ತುದಿಗೆ, ನೀಲಿಯನ್ನು ಆ ತುದಿಗೆ ತರಬೇಕು. ಎತ್ತುವ ಹಾಗಿಲ್ಲ, ಜರುಗಿಸಬೇಕು ಅಷ್ಟೇ. ಎಂಟು ಹಂತ, ಹೋಗ್ತಾ ಹೋಗ್ತಾ ಬಿಲ್ಲೆ ಜಾಸ್ತಿ, ಜಾಗ ಕಡಿಮೆ. ಓದು ಬಾರದ ಹೆಂಗಸೊಬ್ಬರು "ಇದೇನ್ ಆಟ ಸಾರ್" ಅಂತ ನಗುತ್ತಾ ಶುರು ಮಾಡಿ, ಐದನೇ ಹಂತಕ್ಕೆ ಬರುವಷ್ಟರಲ್ಲಿ ಸೆರಗು ಸೊಂಟಕ್ಕೆ ಸಿಕ್ಕಿಸಿ ತಟ್ಟೆಯ ಮೇಲೆ ಬಗ್ಗಿಬಿಡುತ್ತಾರೆ. ಪದದ ಅರ್ಥ ಕೇಳಿದ್ದರೆ ಇದೇ ಹೆಂಗಸು ತಲೆ ತಗ್ಗಿಸಿ ಕೂತಿರುತ್ತಿದ್ದರು.

ಕೇಳಿದ್ದನ್ನು ನೆನಪಿಟ್ಟು ಹೇಳುವ ಭಾಗದಲ್ಲೂ ಭಾಟಿಯಾ ಯೋಚನೆ ಮಾಡಿದ್ದಾರೆ. ಓದು ಬಂದವರಿಗೆ ಅಂಕಿ, ಬಾರದವರಿಗೆ ಬರೀ ಶಬ್ದ. ಒಟ್ಟು ಒಂದು ಗಂಟೆಯೊಳಗೆ ಮುಗಿಯುತ್ತದೆ.

ಆದರೆ ನಾರ್ಮ್ಸ್ ಕಟ್ಟಿದ್ದು ಉತ್ತರ ಪ್ರದೇಶದ 11ರಿಂದ 16 ವರ್ಷದ ಹುಡುಗರ ಮೇಲೆ. ಹುಡುಗಿಯರಿಲ್ಲ, ದೊಡ್ಡವರಿಲ್ಲ. ಆದರೂ ನಮ್ಮ ದೇಶದಲ್ಲಿ ದೊಡ್ಡವರಿಗೂ ಇದನ್ನು ಧಾರಾಳವಾಗಿ ಬಳಸುತ್ತಾ ಬಂದಿದ್ದಾರೆ, ಬೇರೆ ಸಾಧನ ಕೈಗೆ ಸಿಗದೆ. ಕೈ ನಡುಗುವವರಿಗೆ, ಕಣ್ಣು ಮಂಜಾದವರಿಗೆ ಇದು ಅನ್ಯಾಯ ಮಾಡುತ್ತದೆ. ನನ್ನ ಅಭಿಪ್ರಾಯ ಕೇಳಿದರೆ, ಶಾಲೆ ಕಾಣದ ದೊಡ್ಡವರಿಗೆ ಕಾಮತ್ ಒಂದೇ ಮಾಡಿ ಕಳಿಸುವುದಕ್ಕಿಂತ ಭಾಟಿಯಾ ಜೊತೆಗಿದ್ದರೆ ವಾಸಿ. ಎರಡರ ನಡುವೆ ದೊಡ್ಡ ಅಂತರ ಬಂದರೆ ಆ ಅಂತರವೇ ಒಂದು ಸುದ್ದಿ.

ರೇವನ್

ಇಂಗ್ಲೆಂಡಿನ ಜಾನ್ ರೇವನ್ 1938ರಲ್ಲಿ ತಂದ ಸ್ಟ್ಯಾಂಡರ್ಡ್ ಪ್ರೊಗ್ರೆಸಿವ್ ಮ್ಯಾಟ್ರಿಸಸ್. ಒಂದೊಂದು ಪುಟದಲ್ಲೂ ಒಂದು ವಿನ್ಯಾಸ, ಅದರಲ್ಲಿ ಒಂದು ಚೂರು ಇಲ್ಲ. ಕೆಳಗಿನ ಚೂರುಗಳಲ್ಲಿ ಸರಿಯಾದ್ದನ್ನು ತೋರಿಸಬೇಕು. ಹನ್ನೆರಡರ ಐದು ಗುಂಪು, ಒಟ್ಟು 60. ಮಾತು ಬೇಡ, ಓದು ಬೇಡ, ಇಡೀ ಕ್ಲಾಸಿಗೆ ಒಟ್ಟಿಗೆ ಕೊಡಬಹುದು, ಅಗ್ಗ. ಕೆಲಸಕ್ಕೆ ಆರಿಸುವವರು, ಕಾಲೇಜಿನವರು ಇದನ್ನು ಇಷ್ಟಪಡುವುದು ಅದಕ್ಕೇ. ಹೆಚ್ಚು ಓದಿದವರಿಗೆ ಇದರದ್ದೇ ಅಡ್ವಾನ್ಸ್ಡ್, ಚಿಕ್ಕ ಮಕ್ಕಳಿಗೆ ಕಲರ್ಡ್ ಇವೆ.

ಇದು ಅಳೆಯುವುದು ತರ್ಕದ ಒಂದು ಮುಖವನ್ನು ಮಾತ್ರ. ನೆನಪು, ವೇಗ, ಭಾಷೆ ಯಾವುದೂ ಇದರಲ್ಲಿ ಇಲ್ಲ. ಫಲಿತಾಂಶವೂ ಮೂಲದಲ್ಲಿ ಐಕ್ಯೂ ಅಲ್ಲ, ನೂರು ಜನರಲ್ಲಿ ಎಷ್ಟನೆಯ ಸ್ಥಾನ ಅನ್ನುವ ಪರ್ಸೆಂಟೈಲ್. ಫ್ಲಿನ್ ಹೇಳಿದ ಏರಿಕೆ ಹೆಚ್ಚು ಕಂಡಿದ್ದೂ ಈ ಬಗೆಯ ಪರೀಕ್ಷೆಯಲ್ಲೇ, ಆದ್ದರಿಂದ ಯಾವ ವರ್ಷದ ನಾರ್ಮ್ಸ್ ಅಂತ ಕೇಳದೆ ಬಿಡಬೇಡಿ. ಮೊಬೈಲಿನಲ್ಲಿ ಬರುವ 'ಹತ್ತು ನಿಮಿಷದ ಐಕ್ಯೂ ಟೆಸ್ಟ್'ಗಳು ಬಹುತೇಕ ಇದರ ಕಳಪೆ ನಕಲು. ಎಲ್ಲರಿಗೂ 130 ಕೊಟ್ಟು ಸರ್ಟಿಫಿಕೇಟಿಗೆ ದುಡ್ಡು ಕೇಳುತ್ತವೆ.

ವೇಯ್ಸ್: ಯಾವ ಆವೃತ್ತಿ?

ವೆಕ್ಸ್‌ಲರ್ ಅಡಲ್ಟ್ ಇಂಟೆಲಿಜೆನ್ಸ್ ಸ್ಕೇಲ್ ಅನ್ನೋದರ ಚುಟುಕು ಹೆಸರು ವೇಯ್ಸ್. ಮೊದಲನೆಯದು 1955ರಲ್ಲಿ, 16ರಿಂದ 64 ವಯಸ್ಸಿನವರಿಗೆ. ನಂತರ 1981ರಲ್ಲಿ ವೇಯ್ಸ್-ಆರ್, 1997ರಲ್ಲಿ ಮೂರು, 2008ರಲ್ಲಿ ನಾಲ್ಕು, 2024ರಲ್ಲಿ ಐದು. ಹೊಸ ಆವೃತ್ತಿ ಬರುವುದಕ್ಕೆ ಮುಖ್ಯ ಕಾರಣ ಎರಡು. ಒಂದು, ನಾರ್ಮ್ಸ್ ಹಳತಾಗುತ್ತದೆ. ಇನ್ನೊಂದು, ಬುದ್ಧಿಯನ್ನು ಹೇಗೆ ಭಾಗ ಮಾಡಬೇಕು ಅನ್ನುವ ತಿಳಿವಳಿಕೆ ಬದಲಾಗುತ್ತದೆ.

ಮೂರರವರೆಗೆ 'ಮಾತಿನ ಐಕ್ಯೂ, ಕೈಕೆಲಸದ ಐಕ್ಯೂ' ಅಂತ ಎರಡು ಅಂಕ ಕೊಡುತ್ತಿದ್ದರು. ನಾಲ್ಕರಲ್ಲಿ ಅದನ್ನು ಕೈಬಿಟ್ಟು ಮಾತಿನ ಗ್ರಹಿಕೆ, ನೋಡಿ ತರ್ಕಿಸುವುದು, ಕೇಳಿದ್ದನ್ನು ಮನಸ್ಸಿನಲ್ಲಿಟ್ಟುಕೊಂಡು ಬಳಸುವ ನೆನಪು, ವೇಗ ಅಂತ ನಾಲ್ಕು ಸೂಚ್ಯಂಕಗಳನ್ನು, ಅಂದರೆ ಬೇರೆ ಬೇರೆ ಅಂಕಗಳನ್ನು, ಉಳಿಸಿಕೊಂಡರು. ಮುಖ್ಯ ಉಪಪರೀಕ್ಷೆ ಹತ್ತು, ಬೇಕಾದರೆ ಸೇರಿಸಲು ಐದು. ಒಂದರಿಂದ ಒಂದೂವರೆ ಗಂಟೆ ಹಿಡಿಯುತ್ತದೆ. 16ರಿಂದ 90 ವರ್ಷದವರೆಗೆ ಮಾಡಬಹುದು. ಐದರಲ್ಲಿ 'ನೋಡಿ ತರ್ಕಿಸುವುದು' ಅನ್ನೋದನ್ನು ಮತ್ತೆ ಎರಡಾಗಿ ಒಡೆದಿದ್ದಾರೆ. ಆಕಾರಗಳನ್ನು ಮನಸ್ಸಿನಲ್ಲಿ ಕೂಡಿಸುವುದು ಒಂದು, ಹೊಸ ಸಮಸ್ಯೆ ಬಿಡಿಸುವುದು ಇನ್ನೊಂದು. ಹಾಗಾಗಿ ಸೂಚ್ಯಂಕ ಐದು. ಒಟ್ಟು ಐಕ್ಯೂಗೆ ಏಳೇ ಉಪಪರೀಕ್ಷೆ ಸಾಕು, ಆದ್ದರಿಂದ ಬೇಗ ಮುಗಿಯುತ್ತದೆ. ಬೇಗ ದಣಿಯುವವರಿಗೆ ಇದು ನಿಜವಾದ ಉಪಕಾರ.

ವೇಯ್ಸ್‌ನ ಬೆಲೆ ಎಲ್ಲಿದೆ ಅಂತ ತಿಳಿಯಲು ಒಂದು ಉಪಪರೀಕ್ಷೆ ನೋಡೋಣ, ಬ್ಲಾಕ್ ಡಿಸೈನ್. ಮೇಜಿನ ಮೇಲೆ ಕೆಂಪು-ಬಿಳಿ ಘನಾಕೃತಿಗಳು. ಕೆಲವು ಮುಖ ಪೂರ್ತಿ ಕೆಂಪು, ಕೆಲವು ಬಿಳಿ, ಕೆಲವು ಓರೆಯಾಗಿ ಅರ್ಧ-ಅರ್ಧ. ಚಿತ್ರದಲ್ಲಿರುವ ಹಾಗೆ ಜೋಡಿಸಬೇಕು, ಪಕ್ಕದಲ್ಲಿ ಸ್ಟಾಪ್‌ವಾಚ್. ಒಬ್ಬರು ಚಿತ್ರವನ್ನು ಮನಸ್ಸಿನಲ್ಲೇ ಚೌಕ ಚೌಕವಾಗಿ ಕತ್ತರಿಸಿ ಸರಸರ ಇಡುತ್ತಾರೆ. ಇನ್ನೊಬ್ಬರು ಒಂದೊಂದನ್ನೂ ತಿರುಗಿಸಿ ತಿರುಗಿಸಿ ನೋಡಿ, ಸರಿಯಾಗಿಯೇ ಇಡುತ್ತಾರೆ, ಆದರೆ ನಿಧಾನ. ಮತ್ತೊಬ್ಬರು ಎಡಗಡೆ ಪೂರ್ತಿ ಮಾಡಿ ಬಲಗಡೆ ಖಾಲಿ ಬಿಟ್ಟು "ಆಯ್ತು" ಅನ್ನುತ್ತಾರೆ. ಈ ಮೂರನೆಯವರನ್ನು ಕಂಡ ಕೂಡಲೇ ಅನುಭವಿ ಪರೀಕ್ಷಕರು ಮೆದುಳಿನ ಪೆಟ್ಟಿನ ಬಗ್ಗೆ ಯೋಚಿಸುತ್ತಾರೆ. ನಾಲ್ಕನೇ ಆವೃತ್ತಿಯಲ್ಲಿ ವೇಗದ ಬೋನಸ್ ಬಿಟ್ಟು ಅಂಕ ಲೆಕ್ಕ ಹಾಕುವ ಅವಕಾಶವೂ ಇದೆ. ಗಾರೆ ಕೆಲಸ ಮಾಡಿ ಬೆರಳು ಒರಟಾದವರಿಗೆ, ಸಂಧಿವಾತದವರಿಗೆ ಆ ಎರಡನೇ ಅಂಕ ನ್ಯಾಯ ಕೊಡುತ್ತದೆ. ಬರೀ 'ಐಕ್ಯೂ 88' ಅನ್ನುವ ವರದಿಯಲ್ಲಿ ಇದೊಂದೂ ಕಾಣುವುದಿಲ್ಲ.

ಈಗ ಆವೃತ್ತಿಯ ಪ್ರಶ್ನೆಗೆ ಬರೋಣ. ವೇಯ್ಸ್-ಆರ್, ವೇಯ್ಸ್-3 ಪೆಟ್ಟಿಗೆಗಳು ಕೆಲವರ ಹತ್ತಿರ ಇನ್ನೂ ಇರಬಹುದು. ಕಡಿಮೆಗೆ ಮಾಡಿಕೊಡುತ್ತೇವೆ ಅಂದರೂ ಬೇಡ ಅನ್ನಿ. ಹಳೆಯ ಅಮೆರಿಕನ್ ನಾರ್ಮ್ಸ್ ಇಟ್ಟುಕೊಂಡು ಇವತ್ತು ಯಾವ ತೀರ್ಮಾನಕ್ಕೂ ಬರಲಾಗದು.

ಉಳಿದದ್ದು ಮೂರು: ಅಮೆರಿಕನ್ ನಾಲ್ಕು, ಭಾರತದ ನಾಲ್ಕು, ಅಮೆರಿಕನ್ ಐದು. ನಮ್ಮಲ್ಲಿ ಬಹಳ ಜನರಿಗೆ ಗೊತ್ತಿಲ್ಲದ್ದು, ನಾಲ್ಕನೇ ಆವೃತ್ತಿಗೆ, ವೇಯ್ಸ್ ಪ್ರಕಟಿಸುವ ಪಿಯರ್ಸನ್ ಸಂಸ್ಥೆ ತಂದ ಭಾರತದ ಮುದ್ರಣ ಇದೆ. ಪ್ರಶ್ನೆಗಳನ್ನು ಇಲ್ಲಿಗೆ ಹೊಂದಿಸಿ, ಇಲ್ಲಿಯ ಜನರ ಮೇಲೆ ನಾರ್ಮ್ಸ್ ಕಟ್ಟಿದ್ದು. ಇಂಗ್ಲಿಷ್ ಚೆನ್ನಾಗಿ ಬರುವ, ಡಿಗ್ರಿ ಓದಿದ ನಮ್ಮ ಊರಿನವರಿಗೆ ನಾನು ಕಣ್ಣು ಮುಚ್ಚಿ ಹೇಳುವುದು ಭಾರತದ ನಾಲ್ಕನ್ನೇ. ಐದು ಹೊಸದು, ಅದರ ರಚನೆ ಚೆನ್ನಾಗಿದೆ. ಆದರೆ ಅಮೆರಿಕದ ನಾರ್ಮ್ಸ್ ಇಟ್ಟುಕೊಂಡು ಹಾಸನದವರನ್ನು ಅಳೆದರೆ ಹೊಸತನದಿಂದ ಸಿಕ್ಕ ಲಾಭ ಅಲ್ಲೇ ಕರಗುತ್ತದೆ. ಹೊರದೇಶಕ್ಕೆ ಓದಲು ಹೋಗುವವರು, ಅಲ್ಲಿನ ವಿಶ್ವವಿದ್ಯಾಲಯಕ್ಕೆ ವರದಿ ಕೊಡಬೇಕಾದವರು ಮಾತ್ರ ಐದನ್ನು ಹುಡುಕಿಕೊಂಡು ಹೋಗಲಿ.

ಕನ್ನಡ ಮಾತ್ರ ಬಲ್ಲವರಿಗೆ? ಭಾರತದ ಮುದ್ರಣವೂ ಕನ್ನಡದಲ್ಲಿ ಕೇಳಿ ನಾರ್ಮ್ಸ್ ಕಟ್ಟಿದ್ದಲ್ಲ. ಪರೀಕ್ಷಕರು ಅಲ್ಲೇ ಬಾಯಲ್ಲಿ ಕನ್ನಡ ಮಾಡಿಕೊಂಡು ಕೇಳಿದರೆ ಸುಲಭದಿಂದ ಕಷ್ಟಕ್ಕೆ ಜೋಡಿಸಿದ ಪ್ರಶ್ನೆಗಳ ಕ್ರಮವೇ ಅಡಿಮೇಲಾಗುತ್ತದೆ. ಅಂಥವರಿಗೆ ಮಾತಿನ ಭಾಗದ ಅಂಕವನ್ನು ಒಟ್ಟಿಗೆ ಸೇರಿಸದೆ, ಕೈಕೆಲಸ, ತರ್ಕದ ಭಾಗವನ್ನೇ ಮುಂದಿಟ್ಟು ವರದಿ ಬರೆಯಿರಿ ಅಂತ ಕೇಳಬಹುದು. ಹೀಗೆ ಕೇಳುವುದು ನಿಮ್ಮ ಹಕ್ಕು. 1970ರ ದಶಕದಲ್ಲಿ ಪ್ರಭಾ ರಾಮಲಿಂಗಸ್ವಾಮಿ ವೇಯ್ಸ್‌ನ ಕೈಕೆಲಸದ ಭಾಗವನ್ನಷ್ಟೇ ಭಾರತಕ್ಕೆ ಹೊಂದಿಸಿದ್ದೂ ಇದೆ. ಈಗ ಅದೂ ಹಳತಾಗಿದೆ.

ದುಡ್ಡಿನ ವಿಚಾರದಲ್ಲಿ ವೇಯ್ಸ್ ಎಲ್ಲಕ್ಕಿಂತ ದುಬಾರಿ. ಪೆಟ್ಟಿಗೆಗೆ ಬೆಲೆ ಇದೆ, ಮೇಲೆ ಪ್ರತಿಯೊಬ್ಬರಿಗೂ ಹೊಸ ಉತ್ತರ ಪುಸ್ತಿಕೆ ಕೊಳ್ಳಬೇಕು. ಅದನ್ನು ಜೆರಾಕ್ಸ್ ಮಾಡಿ ಬಳಸುವವರನ್ನು ಕಂಡರೆ ಎದ್ದು ಬನ್ನಿ. ಅಲ್ಲಿ ಉಳಿಸಿದವರು ಬೇರೆಲ್ಲೂ ಉಳಿಸಿರುತ್ತಾರೆ.

ನಿಮ್ಮ ಅಗತ್ಯ ಯಾವುದು

ಅಂಗವಿಕಲರ ಪ್ರಮಾಣಪತ್ರಕ್ಕಾಗಿ ಅಂದರೆ ಬೆಂಗಳೂರು ಬೇಡ, ವೇಯ್ಸ್ ಬೇಡ. ತೀರ್ಮಾನ ಮಾಡುವುದು ವೈದ್ಯಕೀಯ ಮಂಡಳಿ, ಅವರು ಒಪ್ಪುವ ಪರೀಕ್ಷೆಯನ್ನೇ ಮಾಡಿಸಬೇಕು. 2016ರ ಅಂಗವಿಕಲರ ಹಕ್ಕುಗಳ ಕಾಯ್ದೆಯ ಹೆಚ್ಚಿನ ಸವಲತ್ತುಗಳಿಗೆ ಶೇ 40 ಗಡಿ. ಬುದ್ಧಿಮಾಂದ್ಯದಲ್ಲಿ ಆ ಶೇಕಡಾ ಬರೀ ಐಕ್ಯೂನಿಂದ ಬರುವುದಿಲ್ಲ. ವೈನ್‌ಲ್ಯಾಂಡ್ ಸಾಮಾಜಿಕ ಪ್ರೌಢತೆಯ ಮಾಪನ, ಅಂದರೆ ವಿಎಸ್‌ಎಂಎಸ್, ಇದರಲ್ಲಿ ದೊಡ್ಡ ಪಾತ್ರ ವಹಿಸುತ್ತದೆ. ಇದು ಮನೆಯವರನ್ನು ಕೇಳಿ ಬರೆದುಕೊಳ್ಳುವಂಥದ್ದು. ತಾನೇ ಸ್ನಾನ ಮಾಡ್ತಾನಾ? ಅಂಗಡಿಗೆ ಹೋಗಿ ಚಿಲ್ಲರೆ ಸರಿಯಾಗಿ ತರ್ತಾನಾ? ಒಬ್ಬನೇ ಬಸ್ ಹತ್ತಿ ಪಕ್ಕದ ಊರಿಗೆ ಹೋಗಿ ಬರ್ತಾನಾ? 2018ರ ಮಾರ್ಗಸೂಚಿಯಲ್ಲಿ ಇದರ ಅಂಕ 55ರಿಂದ 69 ಇದ್ದರೆ ಶೇ 50, 36ರಿಂದ 54 ಇದ್ದರೆ ಶೇ 75 ಅಂತ ಇತ್ತು. ಮಾರ್ಗಸೂಚಿ ಪರಿಷ್ಕರಣೆ ಆಗುತ್ತಾ ಇರುತ್ತದೆ, ಹೋಗುವ ಮುಂಚೆ ಕೇಳಿಕೊಳ್ಳಿ. ಇಲ್ಲಿ ತಂದೆತಾಯಿ ಮರ್ಯಾದೆಗೆ ಅಂಜಿ "ಎಲ್ಲಾ ಮಾಡ್ತಾನೆ ಸಾರ್" ಅಂದುಬಿಡುತ್ತಾರೆ. ಮಾಡುವುದು ಯಾವುದು, ಪಕ್ಕದಲ್ಲಿ ನಿಂತು ಮಾಡಿಸುವುದು ಯಾವುದು, ಎರಡನ್ನೂ ಬೇರೆ ಮಾಡಿ ಹೇಳಿ.

ಮಗ ಅಥವಾ ಮಗಳಿಗೆ 18 ತುಂಬಿದ್ದರೆ ಇನ್ನೊಂದು ಕೆಲಸವಿದೆ. 1999ರ ನ್ಯಾಷನಲ್ ಟ್ರಸ್ಟ್ ಕಾಯ್ದೆಯಡಿ ಜಿಲ್ಲಾಧಿಕಾರಿ ಅಧ್ಯಕ್ಷತೆಯ ಸ್ಥಳೀಯ ಸಮಿತಿಯಿಂದ ಕಾನೂನು ಪ್ರಕಾರ ಪಾಲಕರ ನೇಮಕ ಮಾಡಿಸಿಕೊಳ್ಳಬಹುದು. ಅದೇ ಟ್ರಸ್ಟಿನ ನಿರಾಮಯ ವಿಮೆಯಲ್ಲಿ ಒಂದು ಲಕ್ಷ ರೂಪಾಯಿವರೆಗೆ ಚಿಕಿತ್ಸೆಯ ನೆರವಿದೆ. ಎರಡಕ್ಕೂ ಇದೇ ಪ್ರಮಾಣಪತ್ರ ಬೇಕು.

ತಲೆಗೆ ಪೆಟ್ಟಾದವರ ವಿಷಯ ಬೇರೆ. ಇಲ್ಲಿ ಖರ್ಚು ಮಾಡಿ, ದೂರವಾದರೂ ಹೋಗಿ. ಶಿರಾಡಿಯಲ್ಲೋ ಬೇಲೂರು ರಸ್ತೆಯಲ್ಲೋ ಬಿದ್ದು ಎದ್ದವರ ಒಟ್ಟು ಐಕ್ಯೂ 98 ಬರಬಹುದು, "ಏನೂ ಆಗಿಲ್ಲ" ಅಂತ ಕಾಣಬಹುದು. ಸೂಚ್ಯಂಕ ಬಿಡಿಸಿ ನೋಡಿದರೆ ಮಾತು 112, ವೇಗ 76. ಬ್ಯಾಂಕಿನ ಕೌಂಟರಿನಲ್ಲಿ ಕೂರುವವರಿಗೆ ಆ 76 ಏನು ಅಂತ ಗೊತ್ತಾಗುತ್ತೆ. ಭಾರತದ ವೇಯ್ಸ್-4 ಜೊತೆಗೆ ನಿಮ್ಹಾನ್ಸ್ ನ್ಯೂರೋಸೈಕಾಲಜಿ ಬ್ಯಾಟರಿ ಕೇಳಿ. ಅದು ವಯಸ್ಸು, ಓದು ಎರಡನ್ನೂ ಲೆಕ್ಕಕ್ಕೆ ಹಿಡಿದು ನಮ್ಮ ದೇಶದ ದೊಡ್ಡವರ ಮೇಲೆಯೇ ಕಟ್ಟಿದ್ದು. ಅಪಘಾತ ಪರಿಹಾರದ ಕೇಸು ನಡೆಯುತ್ತಿದ್ದರೆ ಇನ್ನೂ ಮುಖ್ಯ. ಎದುರು ಕಡೆಯ ವಕೀಲರು ಯಾವ ಆವೃತ್ತಿ, ಯಾರ ನಾರ್ಮ್ಸ್ ಅಂತ ಕೇಳಿಯೇ ಕೇಳುತ್ತಾರೆ.

ಮರೆವಿನ ಹಿರಿಯರಿಗೆ ಐಕ್ಯೂ ಪರೀಕ್ಷೆಯಿಂದ ಶುರು ಮಾಡಬೇಡಿ. ಕಿವಿ ಕೇಳುತ್ತಾ, ಥೈರಾಯ್ಡ್, ಬಿ12 ಸರಿಯಿದೆಯಾ, ಮನಸ್ಸು ಕುಗ್ಗಿದೆಯಾ ಅಂತ ಮೊದಲು ನೋಡಿಸಿ. ಆಮೇಲೆ ಕನ್ನಡದಲ್ಲೇ ಮಾಡುವ ಚಿಕ್ಕ ಜ್ಞಾಪಕ ಪರೀಕ್ಷೆಗಳಿವೆ. ವೇಯ್ಸ್ ಬೇಕಾಗುವುದು ತೀರಾ ಕಡಿಮೆ.

ಗಮನ ನಿಲ್ಲುವುದಿಲ್ಲ ಅನ್ನುವ ಇಂಜಿನಿಯರಿಂಗ್ ಹುಡುಗರಿಗೆ ಒಂದು ಮಾತು. ಎಡಿಎಚ್‌ಡಿ ಇದೆಯೋ ಇಲ್ಲವೋ ಅಂತ ಯಾವ ಐಕ್ಯೂ ಪರೀಕ್ಷೆಯೂ ಹೇಳುವುದಿಲ್ಲ. ಮೊದಲು ಮನೋವೈದ್ಯರನ್ನು ಕಾಣಿ, ಅವರು ಬೇಕೆಂದರೆ ಮಾಡಿಸಿ. ಕುತೂಹಲದವರಿಗೆ ರೇವನ್ ಸಾಕು. ಹೆಚ್ಚು ಐಕ್ಯೂ ಇರುವವರ ಸಂಘವಾದ ಮೆನ್ಸಾ ಸೇರಬೇಕು ಅಂದರೆ ಅವರದೇ ಪರೀಕ್ಷೆ ಇದೆ, ಮೇಲಿನ ನೂರಕ್ಕೆ ಎರಡರಲ್ಲಿ ಬರಬೇಕು.

ಎಲ್ಲಿ, ಯಾರ ಹತ್ತಿರ, ಹೇಗೆ

ಹಾಸನದಲ್ಲಿ ವೈದ್ಯಕೀಯ ವಿಜ್ಞಾನ ಸಂಸ್ಥೆಯ ಆಸ್ಪತ್ರೆ, ಚಿಕ್ಕಮಗಳೂರಿನಲ್ಲಿ ಜಿಲ್ಲಾಸ್ಪತ್ರೆ. ಎರಡೂ ಕಡೆ ಮನೋವೈದ್ಯ ವಿಭಾಗದಿಂದ ಶುರು ಮಾಡಿ. ಅಲ್ಲಿಂದ ಮುಂದೆ ಬೇಕಾದರೆ ಮೈಸೂರಿನ ಮಾನಸಗಂಗೋತ್ರಿಯಲ್ಲಿರುವ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆಯಲ್ಲಿ ಕ್ಲಿನಿಕಲ್ ಸೈಕಾಲಜಿ ವಿಭಾಗ ಇದೆ. ಹಾಸನದವರಿಗೆ ನಿಮ್ಹಾನ್ಸ್‌ಗಿಂತ ಅದು ಹತ್ತಿರ. ಯಾರನ್ನು ಕೇಳಬೇಕು ಅನ್ನೋದೇ ತಿಳಿಯದಿದ್ದರೆ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್ 14416ಕ್ಕೆ ಫೋನ್ ಮಾಡಿ, ಕನ್ನಡದಲ್ಲಿ ಮಾತಾಡುತ್ತಾರೆ.

ಪರೀಕ್ಷೆ ಮಾಡುವವರು ಭಾರತೀಯ ಪುನರ್ವಸತಿ ಮಂಡಳಿಯಲ್ಲಿ, ಅಂದರೆ ಆರ್‌ಸಿಐನಲ್ಲಿ, ನೋಂದಣಿಯಾದ ಕ್ಲಿನಿಕಲ್ ಸೈಕಾಲಜಿಸ್ಟ್ ಆಗಿರಬೇಕು. ನೋಂದಣಿ ಸಂಖ್ಯೆ ಕೇಳಲು ಸಂಕೋಚ ಬೇಡ. ಹೊಸ ಪೆಟ್ಟಿಗೆ ಇಟ್ಟುಕೊಂಡ ಅರೆಬರೆ ತರಬೇತಿಯವರಿಗಿಂತ, ಹಳೆಯ ಭಾಟಿಯಾ ಇಟ್ಟುಕೊಂಡು ಎದುರಿಗೆ ಕೂತವರನ್ನು ಗಮನಿಸಬಲ್ಲವರೇ ಲೇಸು.

ಹಿಂದಿನ ರಾತ್ರಿ ನಿದ್ದೆ ಆಗಿರಬೇಕು. ಬೆಳಗಿನ ಜಾವದ ಬಸ್ಸು ಹತ್ತಿ, ತಿಂಡಿ ಬಿಟ್ಟು, ನೇರ ಪರೀಕ್ಷೆಗೆ ಕೂತವರ ವೇಗದ ಅಂಕ ಬಿದ್ದೇ ಬೀಳುತ್ತದೆ. ಸಾಧ್ಯವಾದರೆ ಹಿಂದಿನ ದಿನವೇ ಹೋಗಿ. ಕನ್ನಡಕ, ಕಿವಿಯ ಯಂತ್ರ, ನುಂಗುವ ಮಾತ್ರೆಗಳ ಚೀಟಿ, ಶಾಲೆಯ ಅಂಕಪಟ್ಟಿ, ಹಳೆಯ ವರದಿ ಇದ್ದರೆ ಅದೂ, ಎಲ್ಲ ಜೊತೆಗಿರಲಿ. ಪ್ರಶ್ನೆಗಳನ್ನು ಮೊದಲೇ ಹುಡುಕಿ ಅಭ್ಯಾಸ ಮಾಡಿಸಬೇಡಿ, ಅಂಕ ಸುಳ್ಳಾಗುತ್ತದೆ. ಅದೇ ಕಾರಣಕ್ಕೆ ಒಂದೇ ಪರೀಕ್ಷೆಯನ್ನು ಮತ್ತೆ ಮಾಡಿಸುವುದಾದರೆ ಕನಿಷ್ಠ ಒಂದು ವರ್ಷವಾದರೂ ಬಿಡಿ.

ವರದಿ ಕೈಗೆ ಬಂದ ಮೇಲೆ ಅಲ್ಲೇ ನಿಂತು ಓದಿ. ಪರೀಕ್ಷೆಯ ಹೆಸರು, ಆವೃತ್ತಿ, ಯಾವ ದೇಶದ ನಾರ್ಮ್ಸ್, ಯಾವ ಭಾಷೆಯಲ್ಲಿ ಕೇಳಿದ್ದು, ಸೂಚ್ಯಂಕಗಳು, ಪರೀಕ್ಷಕರು ಕಂಡದ್ದು, ಸಹಿ, ಆರ್‌ಸಿಐ ಸಂಖ್ಯೆ ಇರಬೇಕು. ವೇಯ್ಸ್ ಆಗಿದ್ದರೆ ಅಂಕದ ಜೊತೆ ಒಂದು ಅಂದಾಜು ವ್ಯಾಪ್ತಿಯೂ ಇರಬೇಕು, 72 ಅಂತಿದ್ದರೆ 68ರಿಂದ 77ರ ಒಳಗೆ ಅನ್ನುವ ಹಾಗೆ. ಇದರಲ್ಲಿ ಯಾವುದು ಬಿಟ್ಟುಹೋಗಿದ್ದರೂ ಬರೆಸಿಕೊಂಡೇ ಬನ್ನಿ. ಮೂಲ ಪ್ರತಿ ನಿಮ್ಮ ಹತ್ತಿರ ಇರಲಿ, ಕಚೇರಿಗಳಿಗೆ ಜೆರಾಕ್ಸ್ ಕೊಡಿ.